ಮಳೆಗಾಲದ ಬುಟ್ಟಿ

ಅಕ್ಕ ತುರುಬಿನಲ್ಲಿ ಅಬ್ಬಲಿಗೆಯ ಜೊತೆಗೆ ಒಂದು ಪೆನ್ಸಿಲನ್ನೂ ಸಿಕ್ಕಿಸಿಕೊಳ್ಳುತ್ತಿದ್ದಳು. ಹೂವು ಸಂಜೆಯ ಹೊತ್ತಿಗೆ ಬಾಡುತ್ತಿತ್ತು. ಪೆನ್ಸಿಲ್ ಮಲಗುವವರೆಗೂ ಅಲ್ಲೇ ಇರುತ್ತಿತ್ತು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳಿಗೆ ಪೆನ್ಸಿಲ್ ಯಾಕೆ ಎಂದು ಆಫೀಸಿನಲ್ಲಿ ನಗುತ್ತಿದ್ದರು. "ಕಂಪ್ಯೂಟರಿಗೆ ಎಂತಾ ಹೇಳಿದ್ರೂ ಹೂಂ ಅಂತದೆ. ಪೆನ್ಸಿಲ್ ತೆಗೀಬೇಕಂದ್ರೆ ಕೈ ಮೇಲೆತ್ತಬೇಕು. ಅಷ್ಟ್ರಲ್ಲಿ ಒಂಚೂರು ಯೋಚನೆ ಆತದೆ" ಎನ್ನುತ್ತಿದ್ದಳು.

ಅವಳು ತೀರಿಕೊಂಡ ದಿನ, ಮೈ ತೊಳೆಯುವ ಮುಂಚೆ ಹೆಂಗಸರು ತುರುಬು ಬಿಚ್ಚಿದಾಗ ಆ ಪೆನ್ಸಿಲ್ ಸಿಕ್ಕಿತು. ಎರಡು ಬೆರಳಿನಷ್ಟು ಉಳಿದಿತ್ತು. ಯಾರೋ ತಂದು ನನ್ನ ಕೈಗೆ ಕೊಟ್ಟರು. ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಅದಕ್ಕೆ ಮೊನೆಯಿಲ್ಲ, ಮೊನೆ ಮಾಡಲು ನನಗೆ ಮನಸ್ಸಾಗಿಲ್ಲ. ಸುಳ್ಳು ಹೇಳಿದ್ದು ಈಗಾಗಲೇ ಸಾಕಷ್ಟಾಗಿದೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಆಫೀಸಿನಲ್ಲಿ ಇಷ್ಟು ವರ್ಷ ಬರೆದದ್ದೆಲ್ಲ ಒಂದೊಂದು ಸಾಲು. ಪ್ರಿಂಟರ್ ಓಡುವುದಿಲ್ಲ. ಕೀಲಿಮಣೆಯ ಮೇಲೆ ಚಹಾ ಚೆಲ್ಲಿದೆ. ತೂಕದ ಯಂತ್ರದ ತಂತಿಯನ್ನು ಇಲಿ ಕಡಿದಿದೆ. ಇಂಥ ಸಾಲುಗಳನ್ನು ಸಾವಿರಗಟ್ಟಲೆ ಬರೆದಿದ್ದೇನೆ. ಅಕ್ಕನ ಬಗ್ಗೆ ಬರೆಯಬೇಕಾದ ಸಾಲು ಕೂಡ ಒಂದೇ ಆಗಿತ್ತು. ಅದನ್ನು ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು, ಅಷ್ಟರಲ್ಲಿ ಅವಳು ಇರಲಿಲ್ಲ.

ನಮ್ಮ ಕಂಪನಿ ಸಿಗಡಿಯನ್ನೂ ಮೀನನ್ನೂ ಹಿಮಗಟ್ಟಿಸಿ ಹೊರದೇಶಕ್ಕೆ ಕಳಿಸುವಂಥದ್ದು. ಕಚೇರಿ ಕಾರವಾರದಲ್ಲಿ, ಬಂದರಿಗೆ ಹೋಗುವ ರಸ್ತೆಯಲ್ಲಿ. ಸಿಗಡಿ ಸುಲಿಯುವ ಶೆಡ್ಡು ಮತ್ತು ಶೈತ್ಯಾಗಾರ ಅಂಕೋಲೆಯಲ್ಲಿ. ನಮ್ಮ ಆಯಿ ಆ ಶೆಡ್ಡಿನಲ್ಲಿ ಸಿಗಡಿ ಸುಲಿದವಳು. ಐಸಿನ ನೀರಿನಲ್ಲಿ ಬೆರಳು ಬಿಳಚಿ, ಉಗುರಿನ ಸಂದಿ ಸೀಳಿರುತ್ತಿತ್ತು. ಅದೇ ಕಂಪನಿಯಲ್ಲಿ ಮಗಳು ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಾಳೆ ಎನ್ನುವುದು ಆಯಿಗೆ ದೊಡ್ಡ ವಿಷಯವಾಗಿತ್ತು. ಅಕ್ಕ ಪಿಯುಸಿ ಮುಗಿಸಿ, ಕಾರವಾರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಸೇರಿದ್ದಳು. ಎರಡು ವರ್ಷ ಬಿಟ್ಟು ಸಾಹೇಬರ ಕಾಲು ಹಿಡಿದು ನನ್ನನ್ನೂ ಸೇರಿಸಿದಳು, ದಿನಗೂಲಿ ಅಟೆಂಡರ್ ಆಗಿ. ಸಾಹೇಬರೆಂದರೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಧಾರವಾಡದ ಕಡೆಯವರು. ಅವರ ಕೈಕೆಳಗೆ ಅಕ್ಕ, ರಿಪೇರಿ ಮಾಡುವ ಇಬ್ಬರು, ಮತ್ತು ನಾನು. ಅಷ್ಟೇ ವಿಭಾಗ.

ಕಂಪ್ಯೂಟರುಗಳು ಆಗಷ್ಟೇ ಎಲ್ಲ ಮೇಜಿಗೂ ಬಂದಿದ್ದ ಕಾಲ. ಒಂದಲ್ಲ ಒಂದು ಕೆಟ್ಟಿರುತ್ತಿತ್ತು. ಜನ ಫೋನ್ ಮಾಡುತ್ತಿದ್ದರು, ಚೀಟಿ ಕಳಿಸುತ್ತಿದ್ದರು, ಪಡಸಾಲೆಯಲ್ಲಿ ನಿಂತು ಕೂಗುತ್ತಿದ್ದರು. ಹುಬ್ಬಳ್ಳಿಯ ಮುಖ್ಯ ಕಚೇರಿಯವರು ಇದಕ್ಕೆಂದು ಒಂದು ಸಾಫ್ಟ್‌ವೇರ್ ಕೊಟ್ಟರು. ಯಾರಿಗೆ ಯಾವ ಕೆಲಸ ಆಗಬೇಕೋ ಅದನ್ನು ನಾನು ಅದರಲ್ಲಿ ಒಂದು ಸಾಲಾಗಿ ದಾಖಲಿಸಬೇಕು. ಸಾಮಾನ್ಯ, ತುರ್ತು, ಅತಿ ತುರ್ತು ಎಂದು ಮೂರು ಆಯ್ಕೆ ಇದ್ದವು. ಒಂದೇ ತಿಂಗಳಲ್ಲಿ ಎಲ್ಲ ಕೆಲಸವೂ ಅತಿ ತುರ್ತು ಆಯಿತು. ಮೌಸಿನ ಕೆಳಗಿಡುವ ಹಾಳೆ ಹರಿದದ್ದೂ ಅತಿ ತುರ್ತು.

ಆಮೇಲೆ ಹುಬ್ಬಳ್ಳಿಯಿಂದ ಸುತ್ತೋಲೆ ಬಂತು. ಇನ್ನು ಮೇಲೆ ಎರಡೇ ವಿಧ, ಆಪರೇಷನಲ್ ಮತ್ತು ಸ್ಟ್ರಾಟೆಜಿಕ್. ಪ್ರತಿ ಬೇಡಿಕೆಯನ್ನೂ ಎರಡರಲ್ಲೊಂದಕ್ಕೆ ಹಾಕಬೇಕು. ಸಾಹೇಬರು ಎಲ್ಲ ವಿಭಾಗದವರನ್ನೂ ಕೂರಿಸಿ ಒಂದು ಗಂಟೆ ವಿವರಿಸಿದರು. ಸಂಸ್ಥೆಯ ದೂರಗಾಮಿ ಉದ್ದೇಶ, ದೈನಂದಿನ ನಿರ್ವಹಣೆ ಎಂದೆಲ್ಲ ಬೋರ್ಡಿನ ಮೇಲೆ ಬರೆದರು. ಅಂಕೋಲೆಯ ಗೇಟಿನಲ್ಲಿ ಚೀಟಿ ಬರೆಯುವ ಗಣಪು ಕೈಯೆತ್ತಿದ.

"ಅಂದ್ರೆ ಸರ್, ದೊಡ್ಡೋರ ಕೆಲಸ ಒಂದು, ನಮ್ಮಂಥೋರ ಕೆಲಸ ಒಂದು. ಹಂಗೇ ಅಲ್ಲನಾ?"

ಎಲ್ಲರೂ ನಕ್ಕರು. ಸಾಹೇಬರಿಗೂ ಸುಸ್ತಾಗಿತ್ತು, ಹೆಚ್ಚುಕಡಿಮೆ ಹಾಗೇ ಎನ್ನುವಂತೆ ತಲೆಯಾಡಿಸಿದರು. ಆಗ ಅಕ್ಕ ಎದ್ದು ನಿಂತಳು.

"ಹಂಗಲ್ಲ ಗಣಪು. ನಿಮ್ಮನೇಲಿ ಮೀನು ಆರಿಸುದಿಲ್ಲನಾ? ಇವತ್ತಿನ ಬುಟ್ಟಿ ಒಂದು, ಮಳೆಗಾಲದ ಬುಟ್ಟಿ ಒಂದು. ಅದೇ ಇದು."

ಅಷ್ಟೇ ಸಾಕಾಯಿತು. ಆ ಕೋಣೆಯಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಸಮುದ್ರದ ದಂಡೆಯ ಮನೆಗಳವರು. ದೋಣಿ ದಡಕ್ಕೆ ಬಂದ ಕೂಡಲೇ ಹೆಂಗಸರು ಮೀನನ್ನು ಎರಡು ಪಾಲು ಮಾಡುತ್ತಾರೆ. ಇವತ್ತೇ ಪೇಟೆಗೋ ಮನೆಯ ಒಲೆಗೋ ಹೋಗಬೇಕಾದದ್ದು ಒಂದು ಬುಟ್ಟಿಗೆ, ಉಪ್ಪು ಹಾಕಿ ಒಣಗಿಸಬೇಕಾದದ್ದು ಇನ್ನೊಂದಕ್ಕೆ. ಮಳೆಗಾಲದಲ್ಲಿ ದೋಣಿ ನೀರಿಗಿಳಿಯುವುದಿಲ್ಲ. ಆಗ ಒಲೆಯ ಮೇಲೆ ಬೇಯುವುದು ಈ ಎರಡನೆಯ ಬುಟ್ಟಿ. ಬೆಳಂಬಾರದ ದಂಡೆಯಲ್ಲಿ ಆಯಿ ಹೀಗೆ ಆರಿಸುವಾಗ ಅಕ್ಕ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದಳು. ನಾನು ಅವತ್ತೇ ಹುರಿದು ತಿನ್ನುವ ಆಸೆಗೆ ಮಳೆಗಾಲದ ಬುಟ್ಟಿಯಿಂದ ಒಂದೆರಡು ಬಾಂಗಡೆಯನ್ನು ಈಚೆಗೆ ದಾಟಿಸುತ್ತಿದ್ದೆ. ಅಕ್ಕ ನೋಡಿಯೂ ಸುಮ್ಮನಿರುತ್ತಿದ್ದಳು. ಆಯಿ ಅತ್ತ ತಿರುಗಿದಾಗ ತನ್ನ ಊಟದ ಪಾಲಿನಿಂದ ಎರಡನ್ನು ತೆಗೆದು ಮಳೆಗಾಲದ ಬುಟ್ಟಿಗೆ ಹಾಕಿಬಿಡುತ್ತಿದ್ದಳು.

ಆ ಸಭೆಯ ದಿನದಿಂದ ಅವಳಿಗೆ ಬುಟ್ಟಿ ಅಕ್ಕ ಎಂದು ಹೆಸರು ಬಿತ್ತು. ಹುಬ್ಬಳ್ಳಿಯವರ ಇಂಗ್ಲಿಷ್ ಹೆಸರು ಪರದೆಯ ಮೇಲೆ ಉಳಿಯಿತು. ಬಾಯಲ್ಲಿ ಮಾತ್ರ ಎಲ್ಲರೂ ಬುಟ್ಟಿ ಎಂದೇ ಹೇಳುತ್ತಿದ್ದರು.

ಯಾವ ಬೇಡಿಕೆ ಯಾವ ಬುಟ್ಟಿಗೆ ಎಂದು ತೀರ್ಮಾನ ಮಾಡುವವಳು ಅವಳು. ಅದಕ್ಕೆ ಅವಳದು ಒಂದೇ ಪ್ರಶ್ನೆ. "ಇದು ಆಗದಿದ್ರೆ ನಾಳೆ ಬೆಳಿಗ್ಗೆ ಯಾರು ಕೂಗ್ತಾರೆ?" ಕೂಗುವವರ ಹೆಸರು ಸಿಕ್ಕರೆ ಇವತ್ತಿನ ಬುಟ್ಟಿ. ಯಾರೂ ಕೂಗುವುದಿಲ್ಲ, ಆದರೆ ಯಾವುದೋ ಒಂದು ದಿನ ಎಲ್ಲರೂ ಒಟ್ಟಿಗೆ ಕೂಗಬೇಕಾಗುತ್ತದೆ ಎಂದಾದರೆ ಮಳೆಗಾಲದ ಬುಟ್ಟಿ. ಪೆನ್ಸಿಲಿನಿಂದ ಚೀಟಿಯ ಮೂಲೆಯಲ್ಲಿ ಇವತ್ತಿನದಕ್ಕೆ ಒಂದು ಗೆರೆ, ಮಳೆಗಾಲದ್ದಕ್ಕೆ ಎರಡು ಗೆರೆ ಎಳೆದು ನನಗೆ ಕೊಡುತ್ತಿದ್ದಳು. ನಾನು ಅದನ್ನು ನೋಡಿ ದಾಖಲಿಸುತ್ತಿದ್ದೆ.

ಸಾಹೇಬರು ಒಮ್ಮೆ ತಮ್ಮ ಕೋಣೆಗೆ ತೆಳ್ಳಗಿನ ಹೊಸ ಕಂಪ್ಯೂಟರ್ ಪರದೆ ಬೇಕೆಂದು ಬರೆದು, ತಾವೇ ಎರಡು ಗೆರೆ ಎಳೆದು ಕಳಿಸಿದರು. ಅಕ್ಕ ಚೀಟಿ ಹಿಡಿದುಕೊಂಡು ಅವರ ಬಾಗಿಲಿಗೆ ಹೋದಳು.

"ಸಾಹೇಬ್ರೇ, ಇದು ಆಗದಿದ್ರೆ ಯಾರು ಕೂಗ್ತಾರೆ?"

"ಯಾಕವ್ವಾ, ನಾನಽ ಕೂಗ್ತೀನಿ."

"ನಾಳೆನೇ?"

"ನಾಳೆ ಯಾಕ, ಇವತ್ತಽ ಕೂಗ್ತೀನಿ."

"ಹಂಗಾದ್ರೆ ಇವತ್ತಿನ ಬುಟ್ಟಿಗೆ ಹಾಕ್ತೆ" ಎಂದು ಅವರೆದುರೇ ಒಂದು ಗೆರೆ ಅಳಿಸಿದಳು. ಸಾಹೇಬರು ನಕ್ಕುಬಿಟ್ಟರು. ಆಗ ಅವರಿಗೆ ಅವಳ ಮೇಲೆ ಅಷ್ಟು ನಂಬಿಕೆ ಇತ್ತು. ಹುಬ್ಬಳ್ಳಿಗೆ ಬರೆದು ಅವಳನ್ನು ವಿಭಾಗದ ಮೇಲ್ವಿಚಾರಕಿ ಮಾಡಿಸುವ ಮಾತೂ ನಡೆದಿತ್ತು.

ಗಣಪು ತನ್ನ ಗೇಟಿನ ಪ್ರಿಂಟರ್ ಕೆಟ್ಟಿದೆ ಎಂದು ಒಂದೇ ತಿಂಗಳಲ್ಲಿ ಹತ್ತು ಸಲ ಬರೆಸಿದ. ಹತ್ತು ಸಲವೂ ರಿಪೇರಿಯವರು ಅಂಕೋಲೆಗೆ ಹೋಗಿ ಸರಿ ಮಾಡಿ ಬಂದರು. ಹನ್ನೊಂದನೆಯ ಸಲ ಅಕ್ಕ ಎರಡು ಗೆರೆ ಎಳೆದಳು. ತಪ್ಪಿ ಎಳೆದಳೇನೋ ಎಂದು ನಾನು ಕೇಳಿದೆ. "ಒಂದೇ ಮೀನು ಹತ್ತು ಸಲ ತಪ್ಪಿಸ್ಕಂಡ್ರೆ ಬಲೆ ನೋಡಬೇಕಲ್ಲ ತಮಾ" ಎಂದಳು. ನೋಡಿದರೆ ದೋಷವಿದ್ದದ್ದು ಪ್ರಿಂಟರಿನಲ್ಲಲ್ಲ, ಗೇಟಿಗೆ ಬರುವ ಕರೆಂಟಿನಲ್ಲಿ. ಅಲ್ಲಿಗೆ ಒಂದು ಸ್ಟೆಬಿಲೈಸರ್ ಹಾಕಿದ ಮೇಲೆ ಗಣಪುವಿನ ಫೋನೇ ನಿಂತಿತು. "ಬುಟ್ಟಿ ಅಕ್ಕ ನನ್ನ ಮಾತಾಡೂಕೆ ಬಿಡೂದಿಲ್ಲ" ಎಂದು ಅವನು ದೂರುತ್ತಿದ್ದ.

ತೊಂದರೆ ಏನೆಂದರೆ ಮಳೆಗಾಲದ ಬುಟ್ಟಿಗೆ ಹಾಕಿದ್ದು ಅಲ್ಲೇ ಕೂತಿರುತ್ತಿತ್ತು. ಇಬ್ಬರೇ ರಿಪೇರಿಯವರು, ಇವತ್ತಿನ ಬುಟ್ಟಿ ಎಂದೂ ಬರಿದಾಗುವುದಿಲ್ಲ. ಅಕ್ಕ ಸಾಹೇಬರ ಹತ್ತಿರ ಜಗಳವಾಡಿ ಶನಿವಾರ ಮಧ್ಯಾಹ್ನವನ್ನು ಮಳೆಗಾಲದ ಬುಟ್ಟಿಗೆಂದೇ ತೆಗೆದಿರಿಸಿದಳು. ಆ ಹೊತ್ತಿನಲ್ಲಿ ಫೋನಿನ ರಿಸೀವರನ್ನು ಕೆಳಗಿಡುತ್ತಿದ್ದಳು. ನಾಲ್ಕು ಶನಿವಾರ ನಡೆಯಿತು. ಐದನೆಯ ಶನಿವಾರ ಯಾರೋ ದೊಡ್ಡವರ ಕಂಪ್ಯೂಟರ್ ಕೆಟ್ಟಿತು. ಆಮೇಲೆ ಪ್ರತಿ ಶನಿವಾರವೂ ಏನಾದರೊಂದು ಕೆಡುತ್ತಿತ್ತು. ರಿಸೀವರ್ ಮತ್ತೆ ಮೇಲಕ್ಕೆ ಬಂತು.

ಇನ್ನೊಂದು ನಿಯಮವನ್ನೂ ಅವಳೇ ಮಾಡಿಸಿದ್ದಳು. ಕೆಲಸ ಆಯಿತೆಂದು ಹೇಳಲು ಯಾರೂ ಬರುವುದಿಲ್ಲ, ಆಗಿಲ್ಲವೆಂದು ಕೂಗಲು ಮಾತ್ರ ಬರುತ್ತಾರೆ. ಹಾಗಾಗಿ ಇವತ್ತಿನ ಬುಟ್ಟಿಯಲ್ಲಿರುವ ಬೇಡಿಕೆಗೆ ಹದಿನೈದು ದಿನ ಯಾರೂ ಕೂಗದಿದ್ದರೆ ಅದು ತಾನೇ ಹಸಿರಾಗಿ 'ಮುಗಿದಿದೆ' ಎಂದು ತೋರಿಸಬೇಕು. ಮಳೆಗಾಲದ ಬುಟ್ಟಿಗೆ ಆ ಸವಲತ್ತು ಇಲ್ಲ. ಅಲ್ಲಿಯದನ್ನು ಯಾರಾದರೂ ಕೈಯಾರೆ ಮಾಡಿ ಮುಗಿಸಬೇಕು. ಮೂರು ತಿಂಗಳಾದರೂ ಮುಗಿಯದಿದ್ದರೆ ಸಾಲು ಕೆಂಪಾಗುತ್ತದೆ. ತಿಂಗಳ ಕೊನೆಯ ಸಭೆಯಲ್ಲಿ ಕೆಂಪು ಸಾಲುಗಳನ್ನು ಗಟ್ಟಿಯಾಗಿ ಓದುತ್ತಾರೆ, ದಾಖಲಿಸಿದವನ ಹೆಸರಿನ ಸಮೇತ. ದಾಖಲಿಸಿದವನು ನಾನು.

ನನ್ನ ಹೆಸರಿನ ಮುಂದೆ ಕೆಂಪಾಗಿದ್ದ ಸಾಲುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಕ್ಕನೇ ಹೇಳಿ ಬರೆಸಿದ್ದು. ಯಾವ ದಿನದ ಮಾಲು, ಯಾವ ದೋಣಿಯಿಂದ ಬಂತು, ಎಷ್ಟು ತಂಪಿನಲ್ಲಿ ಎಷ್ಟು ಹೊತ್ತು ಇತ್ತು ಎಂಬ ದಾಖಲೆಗಳೆಲ್ಲ ಕಾರವಾರದ ಒಂದೇ ದೊಡ್ಡ ಯಂತ್ರದಲ್ಲಿದ್ದವು. ಅವನ್ನು ವಾರಕ್ಕೊಮ್ಮೆ ಸೀಡಿಗೆ ಇಳಿಸಿ, ಐಸಿನ ವ್ಯಾನಿನಲ್ಲಿ ಅಂಕೋಲೆಗೆ ಕಳಿಸಿ, ಅಲ್ಲಿಯ ಯಂತ್ರದಲ್ಲಿ ಎರಡನೆಯ ಪ್ರತಿ ಇಡಬೇಕು ಎನ್ನುವುದು ಆ ಸಾಲು. ಅಂಕೋಲೆಯಲ್ಲಿ ಯಂತ್ರವನ್ನೂ ತಂದಿರಿಸಿ ಆಗಿತ್ತು. ಪ್ರತಿ ಇಳಿಸುವುದಷ್ಟೇ ಬಾಕಿ. ಯಾರೂ ಕೂಗಲಿಲ್ಲ. ಐದು ತಿಂಗಳಾಗಿತ್ತು.

ಆ ಬೇಸಿಗೆಯಲ್ಲಿ ದಿನಗೂಲಿಯವರಲ್ಲಿ ಕೆಲವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಸಭೆ ಮುಗಿಸಿ ಹೊರಗೆ ಬರುವಾಗ ಸಾಹೇಬರು ನನ್ನನ್ನು ನಿಲ್ಲಿಸಿ, "ನೋಡಪಾ, ಹುಬ್ಬಳ್ಳಿಯವ್ರು ಬರೇ ಕಾಗದ ನೋಡ್ತಾರ. ನಿನ್ನ ಹೆಸರಿನ ಮುಂದ ಇಷ್ಟು ಕೆಂಪು ಇದ್ರ ನಾ ಏನ್ ಹೇಳ್ಲಿ?" ಎಂದರು. ಬೆದರಿಸಿದ್ದಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಉಳಿದ ಕೆಂಪು ಸಾಲುಗಳನ್ನು ರಿಪೇರಿಯವರ ಬೆನ್ನುಹತ್ತಿ ಹೇಗೋ ಮುಗಿಸಿಕೊಂಡೆ. ಇದೊಂದು ಉಳಿಯಿತು.

ಬುಟ್ಟಿ ಬದಲಿಸುವ ಅಧಿಕಾರ ಇದ್ದದ್ದು ಅಕ್ಕನ ಹೆಸರಿನಲ್ಲಿ ಒಳಹೊಕ್ಕರೆ ಮಾತ್ರ. ಅವಳ ಪಾಸ್‌ವರ್ಡ್ ನನಗೆ ಗೊತ್ತಿತ್ತು. ರಜೆ ಹಾಕಿದ ದಿನ ಅಡಚಣೆ ಆಗಬಾರದೆಂದು ಅವಳೇ ಹೇಳಿಟ್ಟಿದ್ದಳು. ಕದ್ವಾಡದ ಸೋದರಮಾವ ತೀರಿಕೊಂಡು, ಹನ್ನೆರಡನೆಯ ದಿನಕ್ಕೆ ಅಕ್ಕ ಆಯಿಯನ್ನು ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆ ಹನ್ನೊಂದರ ಚಹಾ ಕೊಟ್ಟು ಬಂದು, ಅವಳ ಕುರ್ಚಿಯಲ್ಲಿ ಕೂತು, ಆ ಸಾಲನ್ನು ಮಳೆಗಾಲದ ಬುಟ್ಟಿಯಿಂದ ಇವತ್ತಿನ ಬುಟ್ಟಿಗೆ ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಕೆಲಸ ಮಾಡಿದ್ದೇವೆಂದು ಎಲ್ಲೂ ಬರೆಯಲಿಲ್ಲ. ಬುಟ್ಟಿ ಬದಲಿಸಿದೆ, ಅಷ್ಟೇ. ಹದಿನಾರನೆಯ ದಿನ ಅದು ತಾನೇ ಹಸಿರಾಯಿತು. ಕೆಂಪು ಹೋದ ಮೇಲೆ ಯಾವುದಾದರೂ ಶನಿವಾರ ರಿಪೇರಿಯವರ ಹತ್ತಿರ ನಿಜವಾಗಿ ಮಾಡಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆ ಶನಿವಾರ ಬರಲಿಲ್ಲ.

ಹಸಿರು ನೋಡಿ ಅಕ್ಕ ಕೇಳಿದಳು.

"ತಮಾ, ಅಂಕೋಲೆ ಪ್ರತಿ ಆಯ್ತನಾ?"

"ಹೌದಕ್ಕಾ. ಶನಿವಾರ ಹೋಗಿ ಮಾಡಿ ಬಂದ್ರಂತೆ. ಇನ್ನು ವಾರಾ ವಾರಾ ಸೀಡಿ ವ್ಯಾನಿಗೆ ಹಾಕೂದು ನಾ ನೋಡ್ಕಂತೆ."

"ಖರೆನಾ? ನಂಗೆ ಯಾರೂ ಹೇಳಲೇ ಇಲ್ಲ ಮಾರಾಯ."

"ಆದ ಕೆಲ್ಸ ಯಾರು ಹೇಳ್ತಾರೆ? ನೀನೇ ಹೇಳ್ತೆ ಅಲ್ಲ?"

ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಟ್ಟೆ. ಅವಳು ನಕ್ಕಳು. ಮಳೆಗಾಲದ ಬುಟ್ಟಿಯಲ್ಲಿ ಅಷ್ಟು ದೊಡ್ಡ ಕೆಲಸ ಮುಗಿದದ್ದು ಅದೇ ಮೊದಲು. ಸಂಜೆ ತನ್ನ ಕೈಯಿಂದ ಇಡೀ ವಿಭಾಗಕ್ಕೆ ಗೋಳಿಬಜೆ ತರಿಸಿದಳು. ಆ ಗಡಿಬಿಡಿಯಲ್ಲಿ ರಿಪೇರಿಯವರೂ ಯಾವ ಕೆಲಸಕ್ಕೆಂದು ಕೇಳದೆ ತಿಂದರು. ನಾನು ನಾಲ್ಕು ತಿಂದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಮುಂದಿನ ತಿಂಗಳು ಕಾಯಂ ಪಟ್ಟಿಯಲ್ಲಿ ನನ್ನ ಹೆಸರು ಬಂತು.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚಿನ ಗುಡುಗಿನಲ್ಲಿ, ಒಂದು ಮಧ್ಯಾಹ್ನ ಕಚೇರಿಯ ಹಿಂದಿನ ಕಂಬಕ್ಕೆ ಸಿಡಿಲು ಬಡಿಯಿತು. ದೊಡ್ಡ ಯಂತ್ರದಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಎಲ್ಲರೂ ಓಡಾಡುತ್ತಿದ್ದಾಗ ಅಕ್ಕ ಮಾತ್ರ ಸಮಾಧಾನವಾಗಿದ್ದಳು. "ಅಂಕೋಲೆಲಿ ಪ್ರತಿ ಅದೆ ಸಾಹೇಬ್ರೇ. ಹೆಚ್ಚಂದ್ರೆ ಒಂದು ವಾರದ್ದು ಹೋಗಿರಬಹುದು" ಎಂದಳು. ವ್ಯಾನು ಹತ್ತಿ ಅವರಿಬ್ಬರೂ ಅಂಕೋಲೆಗೆ ಹೊರಟರು. ನಾನು ಬಾಗಿಲಲ್ಲಿ ನಿಂತಿದ್ದೆ. ವ್ಯಾನು ತಿರುಗುವಾಗ ಅಕ್ಕ ಕೈಯಾಡಿಸಿ, ಗಾಬರಿ ಬೇಡ ಎನ್ನುವಂತೆ ಸನ್ನೆ ಮಾಡಿದಳು. ಆಗಲಾದರೂ ಓಡಿಹೋಗಿ ಹೇಳಬಹುದಿತ್ತು. ನಾನೂ ಕೈಯಾಡಿಸಿದೆ.

ಅಂಕೋಲೆಯ ಯಂತ್ರದಲ್ಲಿ ಏನೂ ಇರಲಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ತೆಗೆದಿರಲಿಲ್ಲ.

ನಮ್ಮ ದಾಖಲೆಗಳು ಕಾರವಾರದಲ್ಲಿ ಸುಟ್ಟುಹೋದವು, ಕೆಲಸಗಳ ಪಟ್ಟಿ ಮಾತ್ರ ಹುಬ್ಬಳ್ಳಿಯ ಯಂತ್ರದಲ್ಲಿ ಭದ್ರವಾಗಿತ್ತು. ಮರುದಿನ ಅಕ್ಕ ಆ ಸಾಲನ್ನು ತೆರೆದು ನೋಡಿದಳು. ಸಾಲಿನ ಕೆಳಗೆ ಅದರ ಚರಿತ್ರೆಯೆಲ್ಲ ಬರುತ್ತದೆ. ಬುಟ್ಟಿ ಬದಲಾದ ದಿನ, ಗಂಟೆ, ಬದಲಿಸಿದವರ ಹೆಸರು. ಹೆಸರು ಅವಳದೇ. ದಿನ, ಅವಳು ಕದ್ವಾಡದಲ್ಲಿ ಎಲೆ ಹಾಕಿ ಅನ್ನ ಬಡಿಸುತ್ತಿದ್ದ ದಿನ.

ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಹಿತ್ತಿಲ ನಲ್ಲಿಯ ಹತ್ತಿರ ಕರೆದಳು. ಬುತ್ತಿಯ ಡಬ್ಬ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ತಮಾ, ಆ ಸಾಲು ನೀ ಮುಟ್ಟಿದ್ಯಾ?"

"ಇಲ್ಲಕ್ಕಾ."

"ಸಮಾ ನೆನಪು ಮಾಡು."

"ಇಲ್ಲಾ ಅಂದೆ ಅಲ್ಲ. ನಾ ಎಂತಕ್ಕೆ ಮುಟ್ಟಲಿ?"

ಅವಳು ಡಬ್ಬದ ಮುಚ್ಚಳವನ್ನು ಎರಡು ಸಲ ತೊಳೆದಳು. ಆಮೇಲೆ ಕೈ ಒರೆಸಿ, ಮೇಲೆತ್ತಿ, ತುರುಬಿನಿಂದ ಪೆನ್ಸಿಲ್ ತೆಗೆದಳು. ಒಂಚೂರು ಯೋಚನೆ ಆಗುವಷ್ಟು ಹೊತ್ತು ಅದನ್ನು ಹಾಗೇ ಹಿಡಿದು ನಿಂತಳು. ಮತ್ತೆ ತುರುಬಿಗೇ ಸಿಕ್ಕಿಸಿಕೊಂಡು ಒಳಗೆ ಹೋದಳು. ಸಾಹೇಬರು ಕೇಳಿದ ವಿವರಣೆಯನ್ನು ಪೆನ್ನಿನಲ್ಲಿ ಬರೆದುಕೊಟ್ಟಳು. 'ಈ ತಪ್ಪು ನನ್ನಿಂದ ಆಗಿದೆ' ಎಂಬ ಒಂದೇ ಸಾಲು, ಕೆಳಗೆ ಸಹಿ. ಹೇಗಾಯಿತು ಎಂದು ಬರೆಯಲಿಲ್ಲ. ಹೇಗಾಯಿತು ಎಂದು ಬರೆದಿದ್ದರೆ ನನ್ನ ಹೆಸರು ಬರುತ್ತಿತ್ತು, ಕಾಯಂ ಆಗಿ ಒಂದು ತಿಂಗಳಾಗಿದ್ದ ನಾನು ಅಂದೇ ಹೊರಗಿರುತ್ತಿದ್ದೆ.

ದಾಖಲೆಯಿಲ್ಲದ ಮಾಲನ್ನು ಹೊರದೇಶದವರು ತೆಗೆದುಕೊಳ್ಳಲಿಲ್ಲ. ಶೈತ್ಯಾಗಾರ ತುಂಬಿದ್ದರಿಂದ ಹೊಸ ಸಿಗಡಿ ಇಳಿಸುವಂತಿರಲಿಲ್ಲ. ಸುಲಿಯುವ ಶೆಡ್ಡು ಹನ್ನೆರಡು ದಿನ ಮುಚ್ಚಿತು. ನಮ್ಮ ಬೆಳಂಬಾರದ ಹೆಂಗಸರು ದಿನಾ ಬೆಳಿಗ್ಗೆ ಬಂದು ಗೇಟಿನೆದುರು ಕೂತು ಹೋಗುತ್ತಿದ್ದರು. ಅವರಲ್ಲೊಬ್ಬಳು, ಆಯಿಯ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದವಳು, ಅಕ್ಕನನ್ನು ನಿಲ್ಲಿಸಿ, "ಕುರ್ಚಿ ಸಿಕ್ಕಿದ್ದೇ ನಮ್ಮ ಕೈ ಕಟ್ಟೂಕಾಯ್ತನೇ ಬಾಯಿ?" ಎಂದು ಕೇಳಿದಳು. ನಾನು ಅಲ್ಲೇ, ನಾಲ್ಕು ಮಾರು ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ಅಕ್ಕ, "ಹೌದೇ ಮಾವಶಿ, ತಪ್ಪಾಯ್ತು" ಎಂದಳು.

ಮೇಲ್ವಿಚಾರಕಿಯ ಮಾತು ಅಲ್ಲಿಗೆ ನಿಂತಿತು. ಅವಳನ್ನು ಅಂಕೋಲೆಯ ಗೇಟಿಗೆ ಹಾಕಿದರು, ಗಣಪುವಿನ ಪಕ್ಕದ ಸ್ಟೂಲಿಗೆ. ಒಳಬರುವ ಗಾಡಿಗಳ ನಂಬರು ಬರೆಯುವ ಕೆಲಸ. ಅಲ್ಲಿ ಬುಟ್ಟಿಯಿಲ್ಲ, ಬಂದದ್ದನ್ನೆಲ್ಲ ಬರೆದುಕೊಳ್ಳುವುದು ಅಷ್ಟೇ. ನಾನು ಕಾರವಾರದಲ್ಲೇ ಉಳಿದೆ. ಅಕ್ಕ ಹೋದ ಮೇಲೆ ಯಾವ ಬೇಡಿಕೆ ಯಾವುದಕ್ಕೆ ಎಂದು ನನ್ನನ್ನೇ ಕೇಳತೊಡಗಿದರು, ಬುಟ್ಟಿ ಅಕ್ಕನ ತಮ್ಮನಲ್ಲವೇ ಎಂದು. ಅವಳ ಪ್ರಶ್ನೆಯನ್ನೇ ಕೇಳುತ್ತಿದ್ದೆ. ನನ್ನ ಬಾಯಲ್ಲಿ ಅದು ಸರಿಯಾಗಿ ಕೂರುತ್ತಿರಲಿಲ್ಲ.

ಭಾನುವಾರಗಳಲ್ಲಿ ಬೆಳಂಬಾರದ ಮನೆಗೆ ಹೋಗುತ್ತಿದ್ದೆ. ಅಕ್ಕ ಮದುವೆಯಾಗಿರಲಿಲ್ಲ. ಮದುವೆ, ಕಣ್ಣಿನ ಪರೀಕ್ಷೆ, ತನ್ನ ಹೊಟ್ಟೆನೋವು ಎಲ್ಲವನ್ನೂ ಅವಳು ಮಳೆಗಾಲದ ಬುಟ್ಟಿಗೆ ಹಾಕಿಟ್ಟಿದ್ದಳು. ಯಾರೂ ಕೂಗುವವರಿರಲಿಲ್ಲ. ನಾನು ಕೂಗಬೇಕಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮಾತೆತ್ತಿದರೆ ಬಸ್ಸಿನಲ್ಲಿ ಅಷ್ಟು ಹೊತ್ತು ಅವಳ ಪಕ್ಕದಲ್ಲಿ ಕೂರಬೇಕು, ಇಬ್ಬರೇ. ಅದಕ್ಕೆ ಹೆದರಿ ನಾನೂ ಮಾತೆತ್ತುತ್ತಿರಲಿಲ್ಲ. ಬರೆಯುವಾಗ ಇದು ಮೊದಲನೆಯ ತಪ್ಪಿಗಿಂತ ದೊಡ್ಡದಾಗಿ ಕಾಣುತ್ತಿದೆ.

ನಾವು ಮಾತಾಡದೆ ಇದ್ದೆವು ಎಂದಲ್ಲ. ಮೀನಿನ ಬಗ್ಗೆ, ಆಯಿಯ ಮಂಡಿನೋವಿನ ಬಗ್ಗೆ, ಗಣಪುವಿನ ಬಗ್ಗೆ ಮಾತಾಡುತ್ತಿದ್ದೆವು. "ಅಂವ ಎಷ್ಟು ಮಾತಾಡ್ತಾನೆ ಅಂದ್ರೆ, ಲಾರಿ ನಂಬರ್ ಕೇಳಿದ್ರೆ ಡ್ರೈವರನ ಅಜ್ಜನ ಹೆಸರೂ ಹೇಳ್ತಾನೆ" ಎಂದು ನಗುತ್ತಿದ್ದಳು. ಹಳೆಯ ಕೆಲಸದ ಬಗ್ಗೆ ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ ಎಂದು ಬಹಳ ದಿನ ಅವಳ ಮೇಲೇ ಸಿಟ್ಟು ಮಾಡಿಕೊಂಡಿದ್ದೆ.

ಕೊನೆಯ ಬೇಸಿಗೆಯಲ್ಲಿ ಅವಳು ಬಹಳ ಸೊರಗಿದ್ದಳು. ಡಾಕ್ಟರು ತಡವಾಯಿತು ಎಂದಿದ್ದರು. ಅಂಗಳದ ಚಾಪೆಯ ಮೇಲೆ ಆಯಿ ತಾರ್ಲೆ ಮೀನು ಒಣಹಾಕಿದ್ದಳು. ಅಕ್ಕ ಗೋಡೆಗೊರಗಿ ಕೂತು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೀನು ಮಗುಚುತ್ತಿದ್ದೆ.

"ತಮಾ, ನಿಂಗೆ ಎಂತಾದ್ರೂ ಹೇಳೂಕೆ ಅದೆನಾ?" ಎಂದಳು.

ಕೈಯಲ್ಲಿದ್ದ ಮೀನನ್ನು ನಾನು ಮತ್ತೆ ಮಗುಚಿದೆ. ಆಗಷ್ಟೇ ಮಗುಚಿದ್ದ ಮೀನು.

"ಎಂತದೂ ಇಲ್ಲಕ್ಕಾ. ಬಿಸಿಲು ಬಂತು, ಒಳಗೆ ಹೋಗ್ವಾ."

"ಇದ್ರೆ ಇವತ್ತೇ ಹೇಳು."

"ಮುಂದಿನ ಆಯ್ತವಾರ ಬರ್ತೆ ಅಲ್ಲ. ಆಗ ಕೂತ್ಕಂಡು ಮಾತಾಡ್ವಾ."

"ಹಂಗಾದ್ರೆ ಇರ್ಲಿ" ಎಂದು ಅವಳು ಕೋಲೆತ್ತಿ ಕಾಗೆಯ ಕಡೆ ಬೀಸಿದಳು. ಕಾಗೆ ಅಲ್ಲಿರಲಿಲ್ಲ. ಅವಳು ತೀರಿಕೊಂಡದ್ದು ಆ ಶುಕ್ರವಾರ.

ಅಕ್ಕ ಹೋಗಿ ಒಂದು ತಿಂಗಳ ಮೇಲೆ ಕಚೇರಿಯಲ್ಲಿ ನನ್ನ ಜಾಗದಲ್ಲಿ ಕೂತು ಹೊಸ ಸಾಲೊಂದನ್ನು ದಾಖಲಿಸಿದೆ. ಹಳೆಯ ಇಂಥ ಸಾಲಿನ ಚರಿತ್ರೆಯಲ್ಲಿ ಬುಟ್ಟಿ ಬದಲಿಸಿದವರ ಹೆಸರು ತಪ್ಪಾಗಿದೆ, ಬದಲಿಸಿದವನು ನಾನು, ತಿದ್ದಬೇಕು ಎಂದು ಬರೆದೆ. ಕೆಳಗೆ ಎಂದಿನಂತೆ ಎರಡು ಆಯ್ಕೆ ಬಂದವು. ಇದು ಆಗದಿದ್ದರೆ ನಾಳೆ ಬೆಳಿಗ್ಗೆ ಯಾರು ಕೂಗುತ್ತಾರೆ ಎಂದು ಕೇಳಿಕೊಂಡೆ. ಕೂಗಬೇಕಾದವಳು ಇದ್ದಾಗಲೇ ಕೂಗಿರಲಿಲ್ಲ. ಇವತ್ತಿನ ಬುಟ್ಟಿಗೆ ಹಾಕಿದರೆ ಹದಿನೈದು ದಿನದಲ್ಲಿ ತಾನೇ ಹಸಿರಾಗಿಬಿಡುತ್ತದೆ. ಮಳೆಗಾಲದ ಬುಟ್ಟಿಗೆ ಹಾಕಿದೆ.

ಯಾರೂ ನೋಡಲಿಲ್ಲ. ಮೂರು ತಿಂಗಳಿಗೆ ಅದು ಕೆಂಪಾಯಿತು. ತಿಂಗಳ ಕೊನೆಯ ಸಭೆಯಲ್ಲಿ ಸಾಹೇಬರು ಕನ್ನಡಕ ಏರಿಸಿ ಓದಿದರು, ಅರ್ಧಕ್ಕೆ ನಿಲ್ಲಿಸಿದರು. ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು.

"ಏನಪಾ ಇದು? ಇದೇನ್ ಕಂಪ್ಯೂಟರ್ ಕೆಲಸೇನು?"

ನಾನು ಎದ್ದು ನಿಂತೆ. ಕದ್ವಾಡದ ದಿನದಿಂದ ಹಿಡಿದು ಗೋಳಿಬಜೆಯವರೆಗೆ, ನಲ್ಲಿಯ ಹತ್ತಿರ ಕೇಳಿದ್ದು, ನಾನು ಇಲ್ಲ ಎಂದದ್ದು, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ, ಕಾಲು ಮಾತ್ರ ನೋಯುತ್ತಿತ್ತು.

ಗಣಪು ಕಿಟಕಿಯ ಕಡೆ ತಿರುಗಿ ಕೂತಿದ್ದ. "ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತಿತ್ತು. ನಾ ಎಷ್ಟು ಸಲ ಕೇಳಿದ್ದೆ, ಎಂತಾ ಆಯ್ತೇ ಅಕ್ಕಾ ಅಂದು. ಒಂದು ದಿನವೂ ನಿನ್ನ ಹೆಸರು ಬಾಯಿಗೆ ತರಲಿಲ್ಲ ಮಾರಾಯ" ಎಂದ. ಮಾತಿನ ಮಲ್ಲ ಅವನು. ಅವತ್ತು ಅಷ್ಟೇ ಹೇಳಿದ.

ನನಗೊಂದು ಮೆಮೊ ಬಂತು. 'ಈ ತಪ್ಪು ನನ್ನಿಂದ ಆಗಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಏನು ಶಿಕ್ಷೆ ಕೊಡಬೇಕೆಂದು ಹುಬ್ಬಳ್ಳಿಯವರು ಇನ್ನೂ ತೀರ್ಮಾನ ಮಾಡಿಲ್ಲ. ಹಳೆಯ ಚರಿತ್ರೆಯನ್ನು ತಿದ್ದಲು ಆ ಸಾಫ್ಟ್‌ವೇರಿನಲ್ಲಿ ದಾರಿಯೇ ಇಲ್ಲವಂತೆ, ಅಕ್ಕನ ಹೆಸರು ಅಲ್ಲಿ ಹಾಗೇ ಇರುತ್ತದಂತೆ. ಸಾಹೇಬರು ನನ್ನನ್ನು ಕರೆದು, "ಆಗೂದಲ್ಲ ಹೋಗೂದಲ್ಲ, ಇದನ್ನ ಮುಗಿದಿದೆ ಅಂತ ಹಾಕಿಬಿಡು. ತಿಂಗಳಾ ತಿಂಗಳಾ ಓದೂದು ನನಗೂ ಬ್ಯಾಸರ" ಎಂದರು.

"ಬೇಡ ಸರ್" ಎಂದೆ. "ಓದ್ರಿ."

ಅವರು ಪ್ರತಿ ತಿಂಗಳೂ ಓದುತ್ತಾರೆ. ನಾನು ಎದ್ದು ನಿಲ್ಲುತ್ತೇನೆ.